ಗುಡ್ಡದೂರಲ್ಲಿ ಪಾದ್ರಿಗಳ ಡೇರೆ

ಇಪ್ಪತ್ತು ಚೀಲ ಬಿಳಿಜೋಳದ ಸೌದಾ. ಲಿಂಗಸುಗೂರು ಕಡೆಯ ಒಂದು ಮಿಷನ್ ಶಾಲೆಯ ಮಕ್ಕಳ ಊಟಕ್ಕೆ ನಾನು ಒದಗಿಸಬೇಕು; ತಪ್ಪಿದರೆ ಆ ಗಿರಾಕಿ ಸಿಂಧನೂರಿನ ವ್ಯಾಪಾರಿಯ ಪಾಲು. ನಿಜಾಮನ ರಾಜ್ಯದ ಮೇಲೆ ಪೊಲೀಸ್ ಆಕ್ಷನ್ ಆದ ಮರುವರ್ಷ, ಪೇಟೆಯಲ್ಲಿ ಜೋಳ ಕಣ್ಣಿಗೆ ಬೀಳುತ್ತಿರಲಿಲ್ಲ. ಗುರುಗುಂಟಾ ಆಚೆ ಗುಡ್ಡದ ಮೇಲಿನ ಊರಲ್ಲಿ ಇದೆ ಎಂಬ ಸುದ್ದಿ ಹಿಡಿದು ಗಾಡಿ ಕಟ್ಟಿಸಿದೆ. "ನಾನೂ ಬರುತ್ತೇನೆ ಶೆಟ್ಟರೇ, ಸುವಾರ್ತೆ ಸಾರಿದಂತೆಯೂ ಆಯಿತು, ಔಷಧ ಕೊಟ್ಟಂತೆಯೂ ಆಯಿತು" ಎಂದು ಶಾಲೆಯ ಪಾದ್ರಿಗಳು ಡೇರೆ ಸಮೇತ ಬಂದರು. ಮಂಗಳೂರು ಕಡೆಯವರು, ಬಲು ಸಜ್ಜನರು. ನಾನು ಬರೀ ವ್ಯಾಪಾರಕ್ಕೆ ಹೊರಟಾಗಲೆಲ್ಲ ಹೀಗೆ ಪುಣ್ಯ ಕಟ್ಟಿಕೊಳ್ಳುವವರು ಯಾರಾದರೂ ಗಾಡಿ ಹತ್ತುತ್ತಾರೆ. ಆಮೇಲೆ ಏನಾದರೊಂದು ಆಗಿಯೇ ತೀರುತ್ತದೆ.

ಗಾಲಿಯ ಕಾಯಿ

ಗಾಡಿ ಹೊಡೆಯುವವನು ಗಾಲಿಗೆ ಕಾಯಿ ಒಡೆಯದೆ ಹೊರಡುವವನಲ್ಲ.

"ನಾನು ಪ್ರಾರ್ಥನೆ ಮಾಡುತ್ತೇನಪ್ಪಾ, ಅಷ್ಟು ಸಾಕು" ಎಂದರು ಪಾದ್ರಿಗಳು.

"ಮಾಡ್ರಿ, ಬ್ಯಾಡ ಅನ್ನಾಂಗಿಲ್ಲ. ಎತ್ತಿನ ಗತಿ ಏನ್ರೀ?"

"ಎತ್ತನ್ನೂ ಸೇರಿಸಿಕೊಳ್ಳುತ್ತೇನೆ."

"ಮತ್ತ ಗಾಲಿ?"

ಗಾಲಿಗೆ ಪ್ರಾರ್ಥನೆ ಮಾಡಿ ಅವರಿಗೆ ರೂಢಿಯಿಲ್ಲ. ಆ ಕಡೆ ಮುಖ ತಿರುಗಿಸಿ ನಿಂತರು. ಇವನು ಕಾಯಿ ಒಡೆದ. ಅರ್ಧ ದಾರಿಯಲ್ಲಿ ಹಸಿವಾಯಿತು. ಪಾದ್ರಿಗಳು ಸಂಕೋಚದಿಂದ ಒಂದು ಚೂರು ಕೊಬ್ಬರಿ ಕೇಳಿದರು.

"ಎಲ್ಲಾ ತಗೋರಿ ಸಾಹೇಬ್ರ" ಎಂದ ಗಾಡಿಯವನು, "ಗಾಲಿಗೆ ಎಲ್ಲಿ ಹಲ್ಲದಾವ!"

ಅಂಬಲಿಗೂ ಗತಿಯಿಲ್ಲ

ಸರ್ಕಾರ ರೈತರಿಂದ ಲೇವಿ ಎಂದು ಜೋಳ ವಸೂಲಿ ಮಾಡುತ್ತಿದ್ದ ಕಾಲ. ಗುಡ್ಡದ ಕೆಳಗೆ ಗಾಡಿ ಬಿಟ್ಟು ಹತ್ತುತ್ತಿದ್ದ ನಮ್ಮನ್ನು ಊರು ಮೇಲಿನಿಂದಲೇ ನೋಡಿತು. ಪಾದ್ರಿಗಳ ದೊಡ್ಡ ಟೊಪ್ಪಿಗೆ, ಔಷಧದ ಪೆಟ್ಟಿಗೆ, ಪಕ್ಕದಲ್ಲಿ ಜೋಳದ ವ್ಯಾಪಾರಿ! ಒಮ್ಮೆ ಕೊಟ್ಟ ಲೇವಿಯನ್ನು ಮತ್ತೆ ಕೇಳಲು ಸಾಹೇಬರೇ ಬಂದರೆಂದು ಊರು ತಪ್ಪು ತಿಳಿಯಿತು. ನಾವು ಮುಟ್ಟುವಷ್ಟರಲ್ಲಿ ಊರಿಗೆ ಊರೇ ಬಡವಾಗಿತ್ತು. ಗೌಡ ಹರಕು ಧೋತರ ಉಟ್ಟು ನಿಂತಿದ್ದ. ಒಬ್ಬ ಅಜ್ಜಿ ಅತ್ತೇಬಿಟ್ಟಳು: "ಅಂಬಲಿಗೂ ಗತಿ ಇಲ್ರೀ ಯಪ್ಪಾ!"

ಪಾದ್ರಿಗಳ ಕಣ್ಣು ತುಂಬಿತು. ನಮ್ಮ ಬುತ್ತಿಯನ್ನೆಲ್ಲ ಹಂಚಿಬಿಟ್ಟರು. ಬುತ್ತಿಯೂ ಹೋಯಿತು, ಸೌದಾವೂ ಹೋಯಿತು ಎಂದು ನಾನು ತಲೆಯ ಮೇಲೆ ಕೈಹೊತ್ತು ಕುಳಿತೆ.

ಅಜ್ಜಿ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡು ಮುಖ ಸಿಂಡರಿಸಿದಳು. "ಹಳೇ ಜ್ವಾಳದ ಹಿಟ್ಟೇನ್ರೀ ಇದು? ಹ್ಯಾಂಗ ತಿಂತೀರಿ?"

ಹೊಸ ಜೋಳ ಉಂಡ ಬಾಯಿ ಅದು; ನನ್ನ ಜೀವಕ್ಕೆ ತುಸು ಸಮಾಧಾನವಾಯಿತು.

ಕದಲದ ಸಭೆ

ಊರ ನಡುವಿನ ಬಯಲಲ್ಲಿ ಪಾದ್ರಿಗಳು ಡೇರೆ ಹಾಕಿಸತೊಡಗಿದರು. ಗೌಡ ಓಡಿಬಂದ.

"ಇಲ್ಲಿ ಬ್ಯಾಡ್ರಿ ಸಾಹೇಬ್ರ, ಹಾವು ಅದಾವ."

"ದೇವರು ಕಾಯುತ್ತಾನೆ."

"ಇರಿವಿ ಅದಾವ್ರೀ!"

"ಅವೂ ದೇವರ ಸೃಷ್ಟಿಯೇ."

ಗಾಡಿಯವನು ಗೂಟ ಹೊಡೆದ. ಗೇಣು ಮಣ್ಣಿನ ಕೆಳಗೆ 'ಠಣ್' ಎಂದು ಚಪ್ಪಡಿ ಕಲ್ಲು. ಜೋಳದ ವ್ಯಾಪಾರಿಗೆ ಅಷ್ಟು ಸಾಕು. ಕೆಳಗೆ ಹಗೇವು! ನೆಲದೊಳಗೆ ಜೋಳ ತುಂಬಿ ಮುಚ್ಚಿಡುವ ಕಣಜ. ಸುಮ್ಮನೆ ಗೂಟ ಸರಿಸಿ ಹಾಕಿಸಿದೆ.

ಪಾದ್ರಿಗಳು ಸರಿಯಾಗಿ ಅದರ ಮೇಲೇ ನಿಂತು ಉಪದೇಶ ಆರಂಭಿಸಿದರು. ಇಡೀ ಊರು ಬಂದು ಸುತ್ತ ಕುಳಿತಿತು. ದನ ಮನೆಗೆ ಬಂದವು, ಯಾರೂ ಏಳಲಿಲ್ಲ. ಮಕ್ಕಳು ಅತ್ತವು, ತಾಯಂದಿರು ಏಳಲಿಲ್ಲ. ಎಲ್ಲರ ಕಣ್ಣೂ ಪಾದ್ರಿಗಳ ಪಾದದ ಮೇಲೆ.

"ನೋಡಿದಿರಾ ಶೆಟ್ಟರೇ, ಎಂಥ ವಿನಯ!" ಎಂದು ಅವರು ನನ್ನ ಕಿವಿಯಲ್ಲಿ ಹೇಳಿ, ಹುರುಪಿನಿಂದ ಇನ್ನೆರಡು ಹಾಡು ಹಾಡಿದರು.

ನಾನು ಗೌಡನನ್ನು ಪಕ್ಕಕ್ಕೆ ಕರೆದೆ. "ಗೌಡ್ರ, ಇವರು ಲೇವಿ ಸಾಹೇಬ್ರಲ್ಲ, ಸಾಲಿ ಪಾದ್ರಿಗಳು. ಹುಡುಗರ ಊಟಕ್ಕ ಜ್ವಾಳ ಬೇಕು. ರೊಕ್ಕ ಕೊಟ್ಟು ಒಯ್ತೀವಿ."

ಗೌಡ ಉಸಿರು ಬಿಟ್ಟ ರಭಸಕ್ಕೆ ಮೀಸೆ ಅಲುಗಿತು. "ಮೊದಲ ಹೇಳಬಾರದೇನ್ರೀ ಸಾವ್ಕಾರ್ರ! ಕುಂತು ಕುಂತು ಊರ ಮಂದಿ ಸೊಂಟ ಹೋಗ್ಯಾವ. ಅವರಿಗೆ ತುಸು ಆಕಡೆ ಸರಿದು ಹಾಡಾಕ ಹೇಳ್ರಿ, ಹಗೇವು ತಗಿಯೂನು!"

ಮರುದಿನ ಕತ್ತೆಗಳ ಮೇಲೆ ಜೋಳ ಗುಡ್ಡ ಇಳಿಯಿತು. ಒಟ್ಟು ಲಾಭ ಇಷ್ಟು: ನನಗೆ ಇಪ್ಪತ್ತು ಚೀಲ, ಊರಿಗೆ ರೊಕ್ಕ ಮತ್ತು ತುರಿಕಜ್ಜಿಯ ಮುಲಾಮು, ಪಾದ್ರಿಗಳಿಗೆ, ಒಬ್ಬರೂ ನಡುವೆ ಎದ್ದುಹೋಗದ ಒಂದು ಉಪದೇಶ.