ದೋಹಾದಲ್ಲಿ ರೈಲು ತಡವಾದದ್ದು

ಏನಾಗಿರಬಹುದು, ಊಹಿಸಿ ನೋಡೋಣ. ತೊಂಬತ್ತರ ದಶಕ, ಹುಡುಕಿದರೂ ಒಂದು ಗೇಣು ಹಳಿ ಸಿಗದ ದೋಹಾ. ಅಲ್ಲಿ ಒಂದು ರೈಲು ಇಪ್ಪತ್ತು ನಿಮಿಷ ತಡವಾಯಿತು. ಅದರೊಳಗೆ ಇದ್ದವನು ನಾನೊಬ್ಬನೇ. ಇಂಥವೆಲ್ಲ ವಿಳಾಸ ಕೇಳಿಕೊಂಡು ನನ್ನ ಹತ್ತಿರವೇ ಬರುತ್ತವೆ. ಈಗ ನಿವೃತ್ತ, ಪುರುಸೊತ್ತಿದೆ, ಮೊದಲಿನಿಂದ ಹೇಳುತ್ತೇನೆ.

೧. ಬಿಸಿನೀರು

ನಾನು ಬಯಲುಸೀಮೆಯ ಒಂದು ಪುಟ್ಟ ಸ್ಟೇಷನ್ನಿನ ಮಗ್ಗುಲಲ್ಲಿ ಬೆಳೆದವನು. ಆಗ ಎಂಟು ವರ್ಷದವಳಾಗಿದ್ದ ನನ್ನ ಮಗಳು ರೈಲನ್ನೇ ನೋಡಿದವಳಲ್ಲ. ದಿನಾ ಊಟಕ್ಕೆ ಕೂತಾಗ ಅವಳಿಗೆ ಉಗಿಬಂಡಿಯ ಪುರಾಣ. ನಮ್ಮಲ್ಲಿ ಒಂಟಿ ಹಳಿ. ಎದುರು ಗಾಡಿ ಬಂದು ನಿಲ್ಲುವ ತನಕ ಸ್ಟೇಷನ್ ಮಾಸ್ತರು ಈ ಗಾಡಿಗೆ ಹಸಿರು ಬಾವುಟ ತೋರಿಸುತ್ತಿರಲಿಲ್ಲ. ಅಷ್ಟರಲ್ಲಿ ನಾನು ಚೊಂಬು ಹಿಡಿದು ಎಂಜಿನ್ನಿನಿಂದ ಚಹಾಕ್ಕೆ ಬಿಸಿನೀರು ತರುತ್ತಿದ್ದೆ. ಡ್ರೈವರ್, "ಯಾಕೋ ತಮ್ಮಾ, ನಿಮ್ಮವ್ವಗ ಒಲಿ ಇಲ್ಲೇನು?" ಎನ್ನುತ್ತಿದ್ದ.

ಕಣ್ಣು ತುಂಬಿ ಇಷ್ಟು ಹೇಳಿದರೆ ಮಗಳು ಕೇಳಿದ್ದು: "ಅಪ್ಪಾ, ಟ್ರೇನ್ ಅಂದ್ರೆ ಗೀಸರಾ?"

೨. ಸ್ಟೇರಿಂಗು

ಕನ್ನಡಿಗರ ಮಕ್ಕಳ ಕಾರ್ಯಕ್ರಮಕ್ಕೆ ನಾನೇ ರೈಲು ಮಾಡುತ್ತೇನೆಂದು ಬಾಯಿ ಬಿಟ್ಟೆ. ಓಲ್ಡ್ ಏರ್‌ಪೋರ್ಟ್ ಬಡಾವಣೆಯ ನಮ್ಮ ಪಕ್ಕದ ಫ್ಲ್ಯಾಟಿನ ಬ್ಯಾರಿ ಸಾಹುಕಾರರು ಫ್ರಿಜ್ಜಿನ ರಟ್ಟಿನ ಪೆಟ್ಟಿಗೆ ತಂದುಕೊಟ್ಟರು. ಕರಾವಳಿಯ ಒಂದು ಹಳ್ಳಿಯವರು, ಅವರೂರಿಗೆ ಇನ್ನೂ ರೈಲು ಬಂದಿರಲಿಲ್ಲ.

"ಅಲ್ಲ ಮಾರಾಯ್ರೆ, ಸ್ಟೇರಿಂಗ್ ಎಲ್ಲಿ?"

"ರೈಲಿಗೆ ಸ್ಟೇರಿಂಗ್ ಇರೂದಿಲ್ರೀ. ಹಳಿ ತಿರುಗಿದಂಗ ಗಾಡಿ ತಿರುಗತದ."

"ಹಾಗಾದ್ರೆ ಡ್ರೈವರಿಗೆ ಸಂಬಳ ಯಾಕೆ?"

ಬಿಎಸ್ಸಿ ಓದಿದ ನಾನು ಕತ್ತರಿ ತೆಗೆದುಕೊಂಡು ಎಂಜಿನ್ನಿಗೆ ಕಿಟಕಿ ಕೊರೆಯತೊಡಗಿದೆ. ಹೊಗೆ ಬೇಕೆಂದಾಗ ಅವರು ಕೊಳವೆಯೊಳಗೆ ಬಖೂರಿನ ಧೂಪ ಇಟ್ಟರು. ನಮ್ಮೂರ ಕಲ್ಲಿದ್ದಲ ಗಾಡಿ ಅರಬರ ಮದುವೆಮನೆಯಂತೆ ಘಮಘಮಿಸಿತು.

೩. ಎದುರು ಗಾಡಿ

ಮಗಳಿಗೆ ಮೊದಲ ಸಲ ವೇದಿಕೆ, ಸ್ಟೇಷನ್ ಮಾಸ್ತರರ ಪಾತ್ರ. ಹಸಿರು ಬಾವುಟ ಬೀಸಿದರೆ ಸಾಕು, ನಾನು ಪೆಟ್ಟಿಗೆ ಹೊತ್ತು ಆಚೆ ದಾಟುತ್ತೇನೆ, ಕಾರ್ಯಕ್ರಮ ಖಲಾಸ್, ಊಟ. ಸೀಟಿ ಹಾಕಿದೆ. ಬಾವುಟ ಏಳಲಿಲ್ಲ.

"ಬೀಸವ್ವಾ," ಅಂದೆ ಒಳಗಿನಿಂದ.

"ಎದುರು ಗಾಡಿ ಬರಲಿಲ್ಲ ಅಪ್ಪಾ. ಬಿಟ್ರೆ ಆಕ್ಸಿಡೆಂಟ್ ಆಗ್ತದೆ. ನೀವೇ ಹೇಳಿದ್ದು."

ಸಂಘಟಕರು ಮೈಕಿನಲ್ಲಿ ರಮಿಸಿದರು: "ಎದುರು ಗಾಡಿ ಇಲ್ಲಮ್ಮ."

"ಲೇಟ್ ಇದೆ ಅಂಕಲ್. ಬರ್ತದೆ."

ಹೆಂಡತಿ ಮುಂದಿನ ಸಾಲಿನಿಂದ, "ಬಿಡವ್ವಾ, ಒಳಗ ನಿಮ್ಮಪ್ಪ ಬೇಯಾಕತ್ತಾರ," ಅಂದಳು. ಬೇಯುತ್ತಲೇ ಇದ್ದೆ. ಧೂಪಕ್ಕೆ ಕೆಮ್ಮು ಬೇರೆ. ಜನ ಅದನ್ನೇ ಎಂಜಿನ್ನಿನ ಸದ್ದೆಂದು ಚಪ್ಪಾಳೆ ತಟ್ಟಿದರು. ಮಗಳ ಕಣ್ಣಲ್ಲಿ ನೀರು, ಕೈಯಲ್ಲಿ ಬಾವುಟ ಮಾತ್ರ ಕೆಳಗೇ.

ಆಗ ಹಿಂಬಾಗಿಲು ತೆರೆಯಿತು. ಸಾಹುಕಾರರು "ಯಲ್ಲಾ, ಯಲ್ಲಾ, ದಾರಿ ಬಿಡಿ" ಎನ್ನುತ್ತ ಬಿರಿಯಾನಿಯ ಟ್ರಾಲಿ ನೂಕಿಕೊಂಡು ಬಂದರು. ಗಡಗಡ ಗಾಲಿ, ಹಂಡೆಯಿಂದ ಅಸಲಿ ಉಗಿ. ಅದು ಬಂದು ನಿಂತಿತು.

ಹಸಿರು ಬಾವುಟ ಎದ್ದಿತು.

ಜನರೆಲ್ಲ ಎದ್ದು ಹತ್ತಿದ್ದು ಎದುರು ಗಾಡಿಯನ್ನೇ. ನನ್ನ ರೈಲು ಖಾಲಿ ಕುರ್ಚಿಗಳ ಮುಂದೆ ಕೆಮ್ಮುತ್ತ ಸಾಗಿತು. ಇದ್ದ ಒಂದೇ ಡಬ್ಬಿ ದಾಟುವ ತನಕ ಬಾವುಟ ಇಳಿಸದೆ ನಿಂತದ್ದು ನಮ್ಮ ಮಾಸ್ತರು ಒಬ್ಬರೇ. ಆ ದಿನ ಸಾವಿರದ ಒಂಬೈನೂರ ತೊಂಬತ್ತನಾಲ್ಕರ ನವೆಂಬರ್ ತಿಂಗಳ ಮೊದಲ ಶುಕ್ರವಾರ.