ನಮ್ಮ ಈಜುಕೊಳದ ಮಡಿಕೆ ಪರ್ವತ

ಮೇಷ್ಟ್ರುಗಳಿಗೆ ಎರಡು ತಿಂಗಳು ಬೇಸಿಗೆ ರಜೆ ಎಂದು ಊರೆಲ್ಲ ಹೊಟ್ಟೆ ಉರಿದುಕೊಳ್ಳುತ್ತದೆ. ಈ ಸಲದ ನನ್ನ ರಜೆಯ ವೃತ್ತಾಂತ ಕೇಳಿದರೆ ಆ ಹೊಟ್ಟೆಗಳು ತಣ್ಣಗಾಗಬಹುದು. ಅದಕ್ಕಾಗಿಯೇ ಹೇಳುತ್ತಿದ್ದೇನೆ.

ದಕ್ಷಿಣ ಫ್ರಾನ್ಸಿನ ನೀಮ್ ಪಟ್ಟಣದ ಅಂಚಿನಲ್ಲಿರುವ ನಮ್ಮ ಬೀದಿಯಲ್ಲಿ ಮನೆಗೊಂದು ಈಜುಕೊಳ. ಕೊಳದ ತಳಕ್ಕೂ ಗೋಡೆಗೂ ಸೇರಿಸಿ ಒಂದೇ ನೀಲಿ ಪ್ಲಾಸ್ಟಿಕ್ ಹಾಳೆ ಹೊದಿಸಿರುತ್ತಾರೆ, ಅದೇ ಲೈನರ್. ನಮ್ಮದು ಹಳತಾಗಿ ಸೋರತೊಡಗಿತ್ತು. ಕೆಲಸ ಬಲ್ಲವರನ್ನು ಕರೆಸೋಣ ಎಂದಳು ಹೆಂಡತಿ ವಲೇರಿ. ದೊಡ್ಡ ಹಾಸಿಗೆಗೆ ದೊಡ್ಡ ಚಾದರ ಹೊದಿಸಲು ವಿದ್ವಾಂಸರು ಬೇಕೆ ಎಂದೆ ನಾನು. (ನಮ್ಮ ಮನೆಯಲ್ಲಿ ಹಾಸಿಗೆಗೆ ಚಾದರ ಹೊದಿಸುವವರು ಯಾರು ಎಂದು ಅವಳು ಕೇಳಿದಳು. ವಿಷಯಾಂತರವಾಗುತ್ತದೆಂದು ನಾನು ಉತ್ತರಿಸಲಿಲ್ಲ.)

ಜೂನ್ ತಿಂಗಳ ಒಂದು ಭಾನುವಾರ ನಾನೂ ಅವಳ ತಮ್ಮ ರೆಜಿಸನೂ ಸೇರಿ ಹೊಸ ಲೈನರನ್ನು ಕೊಳಕ್ಕಿಳಿಸಿ, ಅದರ ಅಂಚನ್ನು ಗೋಡೆಗೆ ಸಿಕ್ಕಿಸಿ, ಹಾಳೆಯ ಹಿಂದೆ ಸಿಕ್ಕಿಕೊಂಡ ಗಾಳಿ ಎಳೆಯಲು ವಲೇರಿಯ ವ್ಯಾಕ್ಯೂಮ್ ಕ್ಲೀನರ್ ಹಚ್ಚಿ, ನೀರು ಬಿಟ್ಟೆವು. ಪಾದ ಮುಳುಗುವಷ್ಟು ನೀರು ಬಂದ ಕೂಡಲೇ ಕೊಳಕ್ಕಿಳಿದು ಸುಕ್ಕುಗಳನ್ನೆಲ್ಲ ಕಾಲಿನಿಂದ ಅಂಚಿಗೆ ತಳ್ಳಬೇಕು. ತಡವಾದರೆ ನೀರಿನ ಭಾರಕ್ಕೆ ಹಾಳೆ ಮಿಸುಕುವುದಿಲ್ಲ. ಇದೆಲ್ಲ ನಮಗೆ ಚೆನ್ನಾಗಿ ಗೊತ್ತಿತ್ತು. ಆದರೆ ಅಷ್ಟರಲ್ಲಿ ಊಟದ ಹೊತ್ತಾಯಿತು.

ಇಲ್ಲಿ ಭಾನುವಾರದ ಊಟವನ್ನು ಅರ್ಧಕ್ಕೆ ಬಿಟ್ಟು ಏಳುವುದಕ್ಕೆ ಮನೆಗೆ ಬೆಂಕಿಯಾದರೂ ಬೀಳಬೇಕು. ಮೊದಲು ಪಾಸ್ತಿಸ್ ಎಂಬ ಸೋಂಪಿನ ಮದ್ಯವನ್ನು ತಣ್ಣಗೆ ಕುಡಿದೆವು, ಆಲಿವ್ ತಿಂದೆವು. ಕುರಿಮಾಂಸವಾಯಿತು, ಚೀಸ್ ಬಂತು. ಕರಬೂಜವನ್ನು ಊಟಕ್ಕೆ ಮೊದಲು ತಿನ್ನಬೇಕೋ ಆಮೇಲೋ ಎಂಬ ವಾದ ಎದ್ದು, ಎರಡು ಪಕ್ಷಕ್ಕೂ ಸಾಕ್ಷಿಯಾಗಿ ಎರಡು ಕರಬೂಜ ಮುಗಿದವು. ಕಾಫಿ ಕುಡಿದು ಹಿತ್ತಿಲಿಗೆ ಬಂದಾಗ ನೀರು ಮೊಣಕಾಲಿನವರೆಗೆ ಏರಿತ್ತು.

ಕೊಳದ ನಟ್ಟನಡುವೆ, ಈ ಗೋಡೆಯಿಂದ ಆ ಗೋಡೆಯವರೆಗೆ, ಹೆಬ್ಬೆರಳು ಗಾತ್ರದ ಒಂದು ಮಡಿಕೆ ಉದ್ದಕ್ಕೆ ಮಲಗಿತ್ತು. ಮಡಿಕೆ ಪರ್ವತಗಳು ಹುಟ್ಟುವ ಬಗೆಯನ್ನು ವರ್ಷಾನುಗಟ್ಟಲೆ ಮಕ್ಕಳಿಗೆ ಬೋಧಿಸಿದ ಭೂಗೋಳದ ಮೇಷ್ಟ್ರ ಹಿತ್ತಿಲಲ್ಲೇ ಒಂದು ಹುಟ್ಟಿಬಿಟ್ಟಿತು. ತುಳಿದೆವು, ಒದ್ದೆವು, ಮಂಡಿಯೂರಿ ಎಳೆದೆವು.

"ನೀರು ತುಂಬಿದ್ಮೇಲೆ ಕಾಣಲ್ಲ ಬಿಡು ಭಾವ" ಎಂದು ಹೇಳಿದ ರೆಜಿಸನಿಗೆ ಇದ್ದಕ್ಕಿದ್ದಂತೆ ಮನೆಯಲ್ಲಿ ಕೆಲಸ ನೆನಪಾಯಿತು.

ನೀರು ತುಂಬಿದ ಮೇಲೆ ಅದು ಮಹಡಿಯ ಕಿಟಕಿಗೂ ಕಾಣತೊಡಗಿತು. ಖಾಲಿ ಮಾಡಿ ಮತ್ತೆ ಹಾಕು ಎಂದಳು ವಲೇರಿ. ಅಷ್ಟರಲ್ಲಿ ಮಳೆಯಿಲ್ಲದ ಕಾರಣ ಯಾರೂ ಈಜುಕೊಳ ತುಂಬಿಸಕೂಡದೆಂದು ಜಿಲ್ಲಾಡಳಿತದ ಆಜ್ಞೆ ಹೊರಟಿತು. ಆಗ ನನಗೆ ಜ್ಞಾನೋದಯವಾಯಿತು.

ಅತ್ತೆ ಜೆರ್ಮೇನ್ ಅವರಿಗೆ ವಸಂತದಲ್ಲಿ ಸೊಂಟದ ಆಪರೇಶನ್ ಆಗಿತ್ತು. ದಿನಾ ನೀರಿನಲ್ಲಿ ನಡೆಯಬೇಕೆಂದು ಡಾಕ್ಟರ ಅಪ್ಪಣೆ. ಒಂದೋ ಅವರು ಬೇಸಿಗೆಯುದ್ದಕ್ಕೂ ನಮ್ಮಲ್ಲಿ ಬಂದಿರಬೇಕು, ಇಲ್ಲವೇ ಸರ್ಕಾರದ ಖರ್ಚಿನಲ್ಲಿ ದೂರದ ಬಿಸಿನೀರಿನ ಬುಗ್ಗೆಯ ಚಿಕಿತ್ಸಾಕೇಂದ್ರಕ್ಕೆ ಹೋಗಬೇಕು. ಅವರ ಮೇಲಿನ ಪ್ರೀತಿಯಿಂದ ನಾನು ಬುಗ್ಗೆಯ ಪಕ್ಷ. ಪಾಪ, ಮಡಿಕೆ ಎಡವಿ ಬಿದ್ದರೆ ಗತಿಯೇನು ಎಂದು ವಲೇರಿಯ ಮುಂದೆ ಕಳವಳಪಟ್ಟೆ. ನನ್ನ ಕಣ್ಣಲ್ಲಿ ನೀರೂ ಬಂತು. (ಕ್ಲೋರಿನ್ ಇರಬೇಕು.) ನನ್ನ ಇಡೀ ಜುಲೈ, ಇಡೀ ಆಗಸ್ಟ್ ಆ ಮಡಿಕೆಯ ಕೈಯಲ್ಲಿತ್ತು.

ಅತ್ತೆ ತಾವೇ ಪರೀಕ್ಷೆಗೆ ಬಂದರು. ಹೂವಿನ ಟೋಪಿ ಧರಿಸಿ, ಮೆಟ್ಟಿಲಿಳಿದು, ಪಾದದಿಂದ ಮಡಿಕೆಯನ್ನು ತಡವಿದರು. ಆಮೇಲೆ ಅದರ ಮೇಲೆ ಹೆಜ್ಜೆ ಮುಂದೆ ಹೆಜ್ಜೆ ಇಟ್ಟು ಆಚೆ ಗೋಡೆಯವರೆಗೆ ನಡೆದೇಬಿಟ್ಟರು. ಅವರ ಊರಿನ ಸಾರ್ವಜನಿಕ ಈಜುಕೊಳದಲ್ಲಿ ಕಾಲು ಜಾರುತ್ತಿತ್ತಂತೆ. ಇಲ್ಲಿ ಅಂಗಾಲಿಗೆ ಹಿಡಿತ ಸಿಕ್ಕಿತಂತೆ.

"ಅಳಿಯಂದ್ರೇ, ಇದನ್ನ ನನಗೋಸ್ಕರ ಹಾಕಿಸಿದ್ರಾ?"

ನಾನು ಗೋಡೆಗೆ ಹೊಡೆದ ಶೆಲ್ಫನ್ನಾಗಲಿ, ಕಟ್ಟಿದ ಕಟ್ಟೆಯನ್ನಾಗಲಿ ಮದುವೆಯಾದಂದಿನಿಂದ ಒಮ್ಮೆಯೂ ಮೆಚ್ಚದ ಬಾಯಿ ಅದು. ನನ್ನ ನಾಲಿಗೆ ನನ್ನನ್ನು ಕೇಳದೆ "ಹೂಂ ಅತ್ತೆ" ಎಂದಿತು. ವಲೇರಿ ನನ್ನ ಮುಖ ನೋಡಿದಳು.

ಬುಗ್ಗೆ ರದ್ದಾಯಿತು, ಪೆಟ್ಟಿಗೆಗಳು ಬಂದವು. ದಿನವಿಡೀ ಅತ್ತೆಯ ಪಾದಯಾತ್ರೆ. ಅವರು ಮಧ್ಯಾಹ್ನ ಮಲಗಿದಾಗ ಮಾತ್ರ ನನಗೆ ನೀರು. ಫೋನಿನಲ್ಲಿ ಗೆಳತಿಯರಿಗೆಲ್ಲ ನನ್ನ ಗುಣಗಾನ ನಡೆಯುತ್ತಿತ್ತು. ರಜೆ ಹಾಳಾದ ದುಃಖಕ್ಕೆ ಅದೊಂದು ಸಮಾಧಾನ. ಸುಳ್ಳೇಕೆ, ನಾನು ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದೆ.

ಒಂದು ದಿನ ಅಪ್ಪಣೆಯಾಯಿತು. "ಪಕ್ಕದಲ್ಲಿ ಇನ್ನೊಂದು ಹಾಕ್ಕೊಡಿ. ಹೋಗೋಕೊಂದು, ಬರೋಕೊಂದು."

ಹೊಗಳಿಕೆಯ ನಶೆ ಏರಿದವನು ಆಗಲ್ಲ ಎನ್ನುತ್ತಾನೆಯೇ? ರೆಜಿಸನನ್ನು ಕೇಳಿದೆ. ಬಿಸಿಲಿಗೆ ಲೈನರ್ ಮೆತ್ತಗಾದಾಗ, ಸಿಂಕ್ ಕಟ್ಟಿಕೊಂಡರೆ ಒತ್ತುವ ರಬ್ಬರ್ ಬಟ್ಟಲಿನ ಕೋಲಿನಿಂದ ಎಳೆದರೆ ಬರುತ್ತದೆ ಎಂದ. ಅತ್ತೆ ಮಲಗಿದ ಮೇಲೆ ಕೋಲು ಹಿಡಿದು ಮುಳುಗಿದೆ. ಎಳೆದೆ. ಹೊಸ ಮಡಿಕೆ ಏಳಲಿಲ್ಲ. ಇನ್ನೂ ಜೋರಾಗಿ ಎಳೆದೆ. ಹಳೆಯದು ಮೆಲ್ಲನೆ ಹೊರಳಿ, ಗೋಡೆಯತ್ತ ಸರಿದು, ಮಾಯವಾಯಿತು. ತಳ ಈಗ ತಟ್ಟೆಯಷ್ಟು ನುಣುಪು. ಯಾವ ಕಸುಬುದಾರನೂ ಇಷ್ಟು ಚೆನ್ನಾಗಿ ಹಾಕಲಾರ. ಬದುಕಿನಲ್ಲಿ ಮೊದಲ ಬಾರಿಗೆ ಒಂದು ಕೆಲಸವನ್ನು ಕುಂದಿಲ್ಲದಂತೆ ಮಾಡಿ, ನೀರಿನಲ್ಲಿ ನಿಂತು ಬೆವರಿದೆ.

ಎದ್ದು ಬಂದ ಅತ್ತೆ ಪಾದದಿಂದ ಹುಡುಕಿದರು. ಈ ಕಡೆ ಹುಡುಕಿದರು, ಆ ಕಡೆ ಹುಡುಕಿದರು. ಆಮೇಲೆ ನನ್ನ ಕೈಯ ಕೋಲು ನೋಡಿದರು.

"ನೆಟ್ಟಗಿದ್ದಿದ್ದು ಅದೊಂದೇ. ಅದನ್ನೂ ಕೆಡಿಸಿದ್ರಿ."

ಇನ್ನು ಬುಗ್ಗೆಯಾದರೂ ಇದೆಯಲ್ಲ ಎಂದು ನಾನು ಮೆಲ್ಲನೆ ನೆನಪಿಸಿದೆ. ಆಗಸ್ಟಿನಲ್ಲಿ ಅಲ್ಲಿ ಜಾಗ ಎಲ್ಲಿ ಸಿಗುತ್ತದೆ ಎಂದಳು ವಲೇರಿ. ಟವೆಲ್ ಮಡಿಸುತ್ತ ತೀರ್ಪನ್ನೂ ಕೊಟ್ಟಳು. "ಅಮ್ಮಂಗೆ ಹಿಡ್ಕೊಳ್ಳೋಕೆ ಏನಾದ್ರೂ ಬೇಕಲ್ಲ. ನೀನೇ ಇಳಿ."

ಅಂದಿನಿಂದ ದಿನವೂ ಬೆಳಗ್ಗೆ ನಾನು ಎದೆಮಟ್ಟದ ನೀರಿನಲ್ಲಿ ಅತ್ತೆಯ ಎರಡೂ ಕೈ ಹಿಡಿದು ಹಿಂದು ಹಿಂದಕ್ಕೆ ನಡೆಯುತ್ತೇನೆ. ಅವರು ಹೂವಿನ ಟೋಪಿಯ ಕೆಳಗಿನಿಂದ ನನ್ನನ್ನೇ ನೋಡುತ್ತಿರುತ್ತಾರೆ.

"ಸ್ವಲ್ಪ ಗಟ್ಟಿಯಾಗಿ ನಿಲ್ಲಿ ಅಳಿಯಂದ್ರೇ" ಎನ್ನುತ್ತಾರೆ. "ಆ ಮಡಿಕೆ ಹೀಗೆ ಅಲ್ಲಾಡ್ತಿರಲಿಲ್ಲ."