ಏಪ್ರಿಲ್‌ನಲ್ಲಿ ಹುಟ್ಟಿದ ನೆಂಟರು

ನಮಗೆ ವರ್ಷಕ್ಕೆರಡು ಹೊಸ ವರ್ಷ. ಯುಗಾದಿಗೆ ಬೇವು-ಬೆಲ್ಲ, ಏಪ್ರಿಲ್ ಒಂದಕ್ಕೆ ಬರೀ ಬೇವು. ಶಿವಾಜಿನಗರದ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ಕೂತು ತೆರಿಗೆ ಫಾರಂ ತುಂಬಿಕೊಡೋದು ನನ್ನ ಕೆಲಸ. ಪ್ರತಿ ಸಲ ಏನೋ ಒಂದು ರೂಲ್ ಬದಲಾಗುತ್ತೆ, ಜನ ಓಡಿ ಬರ್ತಾರೆ, ನಾನು ಅದೇ ಹಳೇ ಮಾತು ಹೇಳ್ತೀನಿ: "ಓದಿ ಸೈನ್ ಮಾಡಿ, ಒಂದು ಕಾಪಿ ಇಟ್ಕೊಳ್ಳಿ." ಇಪ್ಪತ್ತೆರಡು ವರ್ಷದಲ್ಲಿ ಒಬ್ಬರೂ ಕೇಳಿಲ್ಲ. ಹೇಳಿ ಹೇಳಿ ನನಗೂ ಸಾಕಾಗಿದೆ.

೧. ನಷ್ಟದ ಚಹಾ

ಪಕ್ಕದ ಬಟ್ಟೆ ಅಂಗಡಿ ಸಾಹೇಬ್ರು ಬೆವರ್ತಾ ಬಂದ್ರು. "ಷೇರ್ ಲಾಭದ ಮೇಲೆ ಟ್ಯಾಕ್ಸ್ ಜಾಸ್ತಿಯಂತೆ ಭಾಯ್, ನನ್ ಕಥೆ ಮುಗೀತು!"

ಕಾಗದ ನೋಡಿದೆ. "ನಿಮಗೆ ಲಾಭವೇ ಇಲ್ಲ ಸಾಹೇಬ್ರೇ. ಪೂರ್ತಿ ಲಾಸು. ಟ್ಯಾಕ್ಸ್ ಬರಲ್ಲ."

"ಬಚ್ ಗಯಾ!" ಅಂತ ನನ್ನ ತಬ್ಬಿಕೊಂಡು ಗಲ್ಲಿಗೆಲ್ಲ ಚಹಾ ಕುಡಿಸಿದ್ರು. ಆ ಖುಷೀಲೇ ಹೆಂಡತಿಗೂ ಫೋನ್ ಮಾಡಿ ಸುದ್ದಿ ಹೇಳಿದ್ರು. ಆ ಕಡೆಯಿಂದ ಬಂದ ಬೈಗುಳ ಚಹಾ ಅಂಗಡಿವರೆಗೂ ಕೇಳಿಸ್ತು.

೨. ನಾನು ಭಾಮೈದನಾದದ್ದು

ಬಾಣಸವಾಡಿಯಲ್ಲಿ ನಾನಿರೋದು ಬಾಡಿಗೆ ಮನೆ. ಕೆಳಗೆ ನಾನು, ನಡುವೆ ಓನರ್ರು, ಮೇಲೆ ಕಲಬುರಗಿಯಿಂದ ದುಡಿಯೋಕೆ ಬಂದ ಗಂಡ-ಹೆಂಡತಿ. ಸ್ವಂತ ವಾಸದ ಮನೆಗಿಂತ ಬಾಡಿಗೆಗೆ ಕೊಟ್ಟ ಮನೆಗೆ ಆಸ್ತಿ ತೆರಿಗೆ ಡಬಲ್ಲು. ಓನರ್ರು ಮೂರೂ ಮಹಡಿ ಸ್ವಂತಕ್ಕೇ ಅಂತ ಬರೀತಾ ಬಂದವರು. ಈ ವರ್ಷ ಮನೆಮನೆಗೆ ಬಂದು ಪರೀಕ್ಷೆ ಮಾಡ್ತಾರೆ ಅಂತ ಸುದ್ದಿ. ಆದ್ರೂ ಫಾರಂ ನನ್ನ ಮುಂದಿಟ್ಟು, ಹಾಗೇ ತುಂಬಿಕೊಡಿ ಅಂದ್ರು.

"ಸುಳ್ಳು ಬರೆಯಲ್ಲ ರೀ," ಅಂದೆ.

"ಸುಳ್ಳು ಯಾಕ್ರೀ? ನೀವು ನನ್ನ ಹೆಂಡ್ತಿ ತಮ್ಮ. ಮೇಲಿನೋಳು ನಮ್ಮಣ್ಣನ ಮಗಳು. ನೆಂಟರ ಹತ್ರ ಯಾರಾದ್ರೂ ಬಾಡಿಗೆ ತಗೋತಾರಾ? ಇಲ್ಲ ಅಂದ್ರೆ ಹೇಳ್ಬಿಡಿ, ಏರಿದ ಟ್ಯಾಕ್ಸೆಲ್ಲ ನಿಮ್ಮ ಬಾಡಿಗೆಗೆ ಸೇರಿಸ್ತೀನಿ."

ಈಗಿನ ಬಾಡಿಗೆ ಕಟ್ಟೋಕೇ ಉಸಿರು ಹೋಗ್ತಿದೆ. ಈ ವಯಸ್ಸಲ್ಲಿ ಮತ್ತೆ ಮನೆ ಹುಡುಕೋ ಶಕ್ತಿಯೂ ಇಲ್ಲ. ನಾಚಿಕೆ ಆಯ್ತು, ಆದ್ರೂ ಭಾಮೈದನಾದೆ. ಅವತ್ತು ಭಾವನ ಮನೆಯಿಂದ ಒಂದು ಲೋಟ ಕಾಫಿ ಕೂಡ ಬರಲಿಲ್ಲ.

೩. ಕಾಪಿ

ಕಾರ್ಪೊರೇಷನ್ ಇನ್ಸ್‌ಪೆಕ್ಟರ್ ಬಂದೇಬಿಟ್ರು. ಮೇಲಿನ ಮನೆಯಾಕೆಯನ್ನ ಕೇಳಿದ್ರು: "ಏನಮ್ಮಾ, ಚಿಕ್ಕಪ್ಪ ಬೆಂಗಳೂರು ಭಾಷೆ, ನೀನು ಕಲಬುರಗಿ ಭಾಷೆ?"

"ನಮ್ಮಪ್ಪಂದು ಅಲ್ಲೇ ನೌಕ್ರಿ ಇತ್ರೀ ಸಾಹೇಬ್ರ," ಅಂದ್ಲು ಥಟ್ಟನೆ. ಓನರ್ ಮುಖ ಅರಳ್ತು.

"ಸರಿ, ಬಾಡಿಗೆ ಇಲ್ಲದೆ ಇದ್ದಾರೆ ಅಂತ ಬರೆದು ಎಲ್ಲರೂ ಸೈನ್ ಹಾಕಿ."

ಬರೆದವನು ನಾನೇ. ಓನರ್ ಓದದೆ ಗೀಚಿದ್ರು, ನಾನೂ ಗೀಚಿದೆ. ಆಕೆ ಮಾತ್ರ ಪೂರ್ತಿ ಓದಿ ಸೈನ್ ಹಾಕಿ, ಮೊಬೈಲಲ್ಲಿ ಫೋಟೋ ಹೊಡ್ಕೊಂಡ್ಲು. "ಅಣ್ಣಾರು ದಿನಾ ಹೇಳ್ತಾರಲ್ರಿ, ಕಾಪಿ ಇಟ್ಕೋರಿ ಅಂತ," ಅಂದ್ಲು ನನ್ನ ಕಡೆ ನೋಡಿ.

ಇನ್ಸ್‌ಪೆಕ್ಟರ್ ಮೆಟ್ಟಿಲು ಇಳಿದದ್ದೇ ತಡ, ಆಕೆ ಸೆರಗು ಹೊದ್ದು ಓನರ್ ಕಾಲಿಗೆ ಬಿದ್ಲು. "ಕಾಕಾ, ಇನ್ನ ಇದು ನನ್ನ ತವರುಮನಿ. ಮಗಳ ಕಡಿಂದ ಬಾಡಿಗಿ ಕೇಳಬ್ಯಾಡ್ರಿ. ಮತ್ತ ಪಂಚಮಿ ಹಬ್ಬಕ್ಕ ಸೀರಿ, ಉಡಿ ತುಂಬೋದು ಎಲ್ಲ ನಿಮ್ದೇ ನೋಡ್ರಿ."

ಓನರ್ ಬರಿಗಾಲಲ್ಲಿ ರಸ್ತೆಗೆ ಓಡಿದ್ರು, ಹಿಂದೆ ನಾನೂ ಓಡಿದೆ. "ಸಾರ್! ಅವ್ಳು ನಮ್ಮೋಳಲ್ಲ ಸಾರ್! ಬಾಡಿಗೆಯವ್ಳು! ಡಬಲ್ ಹಾಕಿ ಸಾರ್, ಡಬಲ್!"

ಇನ್ಸ್‌ಪೆಕ್ಟರ್ ನನ್ನ ಕಡೆ ತಿರುಗಿದ್ರು. "ಇವ್ರು?"

"ನನ್ನ ಹೆಂಡ್ತಿಗೆ ತಮ್ಮನೇ ಇಲ್ಲ ಸಾರ್!"

ಟ್ಯಾಕ್ಸ್ ಡಬಲ್ ಆಯ್ತು. ಮೇಲಿನ ಮನೆಯ ಹಳೇ ಬಾಡಿಗೆ ಒಂದು ರೂಪಾಯಿಯೂ ಏರಲಿಲ್ಲ. ಏರಿಸ್ತೀನಿ ಅಂದಾಗೆಲ್ಲ ಆಕೆ ಮೊಬೈಲ್ ತೆಗೆದು, ಬಾಡಿಗೆ ಇಲ್ಲ ಅಂತ ಅವರೇ ಸೈನ್ ಹಾಕಿದ ಫೋಟೋ ತೋರಿಸಿ "ಕಾಕಾ" ಅಂತಾಳೆ. ಏರಿದ್ದೆಲ್ಲ ನನ್ನ ತಲೆಗೇ ಬಿತ್ತು. ಯಾಕಂದ್ರೆ ನಾನು ಕಾಪಿ ಇಟ್ಕೊಂಡಿರ್ಲಿಲ್ಲ.